ನಕಲು, ಅಭ್ಯಾಸ, ಅನುವಾದ: ಅಕ್ರಿಲಿಕ್ ಭೂದೃಶ್ಯದ ಕಲಿಕೆಯಲ್ಲಿ ಮೂಲಕೃತಿಯ ಪಾತ್ರ

‘ನಕಲು’ ಎಂಬ ಪದಕ್ಕೆ ಕನ್ನಡದಲ್ಲಿ ಪರಸ್ಪರ ವಿರುದ್ಧವಾದ ಎರಡು ಅರ್ಥಚ್ಛಾಯೆಗಳಿವೆ. ಕಂದಾಯ ಕಚೇರಿಯಲ್ಲಿ ದೃಢೀಕೃತ ನಕಲು ಎಂದರೆ ಮೂಲದಷ್ಟೇ ಮಾನ್ಯವಾದ ದಾಖಲೆ. ಪರೀಕ್ಷೆಯ ಕೊಠಡಿಯಲ್ಲಿ ನಕಲು ಎಂದರೆ ಶಿಕ್ಷೆಗೆ ಗುರಿಯಾಗುವ ಅಪರಾಧ. ನಮ್ಮ ಕಲಾಶಿಕ್ಷಣ ಈ ಎರಡರಲ್ಲಿ ಯಾವುದನ್ನು ಒಪ್ಪಬೇಕೆಂದು ಇನ್ನೂ ತೀರ್ಮಾನಿಸಿಕೊಂಡಂತಿಲ್ಲ. ಭೂದೃಶ್ಯ ಚಿತ್ರಣವನ್ನು ಕಲಿಯತೊಡಗಿದ ವಿದ್ಯಾರ್ಥಿ ಮೊದಲು ಎದುರಿಗಿಟ್ಟುಕೊಳ್ಳುವುದು ಅನೇಕ ವೇಳೆ ಯಾವುದಾದರೊಂದು ಸಿದ್ಧ ಚಿತ್ರವನ್ನೇ. ಹಾಗೆ ಮಾಡುತ್ತಿರುವೆನೆಂದು ಹೇಳಿಕೊಳ್ಳಲು ಅವನಿಗೂ ಸಂಕೋಚ, ಅದನ್ನು ಪಾಠವೆಂದು ಒಪ್ಪಿಕೊಳ್ಳಲು ಅಧ್ಯಾಪಕರಿಗೂ ಸಂಕೋಚ. ಸಂಕೋಚವಿರುವಲ್ಲಿ ವಿಧಾನ ಬೆಳೆಯುವುದಿಲ್ಲ. ಹೀಗಾಗಿ ಎಲ್ಲೆಡೆ ನಡೆಯುತ್ತಿರುವ ಒಂದು ಅಭ್ಯಾಸ ಯಾರ ವಿಮರ್ಶೆಗೂ ಒಳಗಾಗದೆ ಉಳಿದುಬಿಟ್ಟಿದೆ.

ಪರಂಪರೆಗೆ ಈ ಸಂಕೋಚ ಇರಲಿಲ್ಲ. ಮೈಸೂರು ಸಾಂಪ್ರದಾಯಿಕ ಚಿತ್ರಕಲೆಯಲ್ಲಿ ಗುರು ಬರೆದ ರೇಖೆಯ ಮೇಲೆ ತಿದ್ದಿಯೇ ಶಿಷ್ಯನ ಕೈ ಪಳಗಬೇಕಿತ್ತು. ಚೀನದ ಷಿಯೆ ಹೆ ಹೇಳಿದ ಚಿತ್ರಕಲೆಯ ಆರು ಸೂತ್ರಗಳಲ್ಲಿ ಕೊನೆಯದು ಹಿಂದಿನವರ ಕೃತಿಗಳನ್ನು ಪ್ರತಿಮಾಡುವ ಮೂಲಕ ಪರಂಪರೆಯನ್ನು ದಾಟಿಸುವುದನ್ನು ಕುರಿತದ್ದು. ಯುರೋಪಿನಲ್ಲಿ ಲೂವ್ರ್ ಸಂಗ್ರಹಾಲಯದ ಚಿತ್ರಗಳ ಮುಂದೆ ಕುಳಿತು ಪ್ರತಿ ತೆಗೆಯದ ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಕಲಾವಿದರು ವಿರಳ. ಸ್ವೋಪಜ್ಞತೆಯೊಂದೇ ಕಲೆಯ ಮಾನದಂಡವೆಂಬ ಆಧುನಿಕ ನಂಬಿಕೆ ಬೇರೂರಿದ ಮೇಲೆ ಪ್ರತಿ ತೆಗೆಯುವುದು ಹಿತ್ತಿಲ ಕೆಲಸವಾಯಿತು. ಈ ನಂಬಿಕೆಯ ಸರಿತಪ್ಪುಗಳನ್ನು ಇಲ್ಲಿ ಚರ್ಚಿಸುವುದಿಲ್ಲ. ಒಂದು ನಿರ್ದಿಷ್ಟ ಮಾಧ್ಯಮದಲ್ಲಿ, ಒಂದು ನಿರ್ದಿಷ್ಟ ಚಿತ್ರವನ್ನು ಮುಂದಿಟ್ಟುಕೊಂಡು ಕಲಿಯುವಾಗ ನಿಜಕ್ಕೂ ಏನು ನಡೆಯುತ್ತದೆ ಎಂಬುದನ್ನು ಪರಿಶೀಲಿಸುವುದಷ್ಟೇ ಪ್ರಸ್ತುತ ಲೇಖನದ ಉದ್ದೇಶ. ಮಾಧ್ಯಮ ಅಕ್ರಿಲಿಕ್, ಚಿತ್ರ ಇಂಗ್ಲೆಂಡಿನ ಜಾನ್ ಕಾನ್‌ಸ್ಟೆಬಲ್ (೧೭೭೬–೧೮೩೭) ೧೮೨೧ರಲ್ಲಿ ಪೂರ್ಣಗೊಳಿಸಿದ, ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ‘ದಿ ಹೇ ವೇನ್’ ಎಂಬ ತೈಲಚಿತ್ರ. ಹೆಸರಿನ ಅರ್ಥ ‘ಹುಲ್ಲಿನ ಬಂಡಿ’.

ಮಾಧ್ಯಮದ ಸ್ವಭಾವವನ್ನು ಮೊದಲು ಹೇಳಬೇಕು. ಬೆಂಜಮಿನ್ನನಂತಹ ಚಿಂತಕರು ಪ್ರತಿಕೃತಿಯ ಬಗ್ಗೆ ಏನು ಹೇಳಿದರೆಂಬುದನ್ನು ನಾವು ಚೆನ್ನಾಗಿ ಬಲ್ಲೆವು. ಬಣ್ಣ ಒಣಗುವಾಗ ಏನಾಗುತ್ತದೆಂಬುದರ ಬಗ್ಗೆ ನಮ್ಮ ಕಲಾವಿಮರ್ಶೆ ಮಾತನಾಡುವುದು ಕಡಿಮೆ. ನೀರಿನಲ್ಲಿ ಕರಡಬಹುದಾದ ಅಕ್ರಿಲಿಕ್ ವರ್ಣ ೧೯೫೦ರ ದಶಕದ ನಡುವಿನಲ್ಲಿ ಅಮೆರಿಕದಲ್ಲಿ ಕಲಾವಿದರ ಕೈಸೇರಿತು. ಅಕ್ರಿಲಿಕ್ ಪಾಲಿಮರಿನ ಅತಿ ಸೂಕ್ಷ್ಮ ಕಣಗಳು ನೀರಿನಲ್ಲಿ ತೇಲುತ್ತಿರುವ ಎಮಲ್ಷನ್ ಇದರ ಬಂಧಕ. ನೀರು ಆರುತ್ತಿದ್ದಂತೆ ಆ ಕಣಗಳು ಒತ್ತೊತ್ತಾಗಿ ಬಂದು ಬೆಸೆದು ಪೊರೆಯಾಗುತ್ತವೆ. ಒಮ್ಮೆ ಪೊರೆಯಾದದ್ದು ಮತ್ತೆ ನೀರಿನಲ್ಲಿ ಕರಗುವುದಿಲ್ಲ. ತೈಲವರ್ಣ ಗಾಳಿಯ ಆಮ್ಲಜನಕವನ್ನು ಹೀರಿ ದಿನಗಟ್ಟಲೆ, ವಾರಗಟ್ಟಲೆ ನಿಧಾನವಾಗಿ ಗಟ್ಟಿಯಾಗುತ್ತದೆ. ಮಾರ್ಚ್ ತಿಂಗಳ ಬಯಲುಸೀಮೆಯ ಗಾಳಿಯಲ್ಲಿ ಅಕ್ರಿಲಿಕ್ಕಿನ ತೆಳುಲೇಪ ಕೆಲವೇ ನಿಮಿಷಗಳಲ್ಲಿ ಆರಿಹೋಗುತ್ತದೆ. ಇನ್ನೊಂದು ಗುಣವೂ ಗಮನಾರ್ಹ. ಹಸಿಯಾಗಿದ್ದಾಗ ಎಮಲ್ಷನ್ ಹಾಲಿನಂತೆ ಬೆಳ್ಳಗಿರುವುದರಿಂದ ಬಣ್ಣ ತಿಳಿಯಾಗಿ ಕಾಣುತ್ತದೆ, ಆರಿದ ಮೇಲೆ ಒಂದು ಛಾಯೆ ಗಾಢವಾಗುತ್ತದೆ. ಮುದ್ರಿತ ಚಿತ್ರದ ಪಕ್ಕದಲ್ಲಿ ಹಸಿಬಣ್ಣವನ್ನು ಹಿಡಿದು ಹೊಂದಿಸಿಕೊಂಡ ವಿದ್ಯಾರ್ಥಿ ಮರುದಿನ ಬಂದು ನೋಡಿದಾಗ ಚಿತ್ರವೆಲ್ಲ ಮಬ್ಬಾಗಿರುವುದಕ್ಕೆ ಕಾರಣ ಇದೇ. ದೋಷವನ್ನು ಅವನು ತನ್ನ ಕಣ್ಣಿನ ಮೇಲೆ ಹೊರಿಸಿಕೊಳ್ಳುತ್ತಾನೆ.

ಈ ಎರಡು ಗುಣಗಳಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ತೈಲಚಿತ್ರವೊಂದನ್ನು ಅಕ್ರಿಲಿಕ್ಕಿನಲ್ಲಿ ಕುಂಚದ ಹೊಡೆತಕ್ಕೆ ಹೊಡೆತ ಹೊಂದುವಂತೆ ಪ್ರತಿಮಾಡುವುದು ಅಸಾಧ್ಯ. ಇದನ್ನು ಈ ಮಾಧ್ಯಮದ ಕೊರತೆಯೆಂದು ಎಣಿಸುವುದು ವಾಡಿಕೆ. ಕಲಿಕೆಯ ದೃಷ್ಟಿಯಿಂದ ಇದೇ ಅದರ ದೊಡ್ಡ ಉಪಕಾರ ಎಂಬುದು ನನ್ನ ವಾದ.

‘ಹೇ ವೇನ್’ ಚಿತ್ರದ ವಸ್ತು ಸರಳ. ಸಫೋಕ್ ಮತ್ತು ಎಸೆಕ್ಸ್ ಪ್ರಾಂತಗಳ ಗಡಿಯಲ್ಲಿ ಹರಿಯುವ ಸ್ಟೂರ್ ನದಿ, ಎಡಕ್ಕೆ ವಿಲ್ಲಿ ಲಾಟ್ ಎಂಬ ರೈತನ ಮನೆ, ಆಳವಿಲ್ಲದ ನೀರಿನಲ್ಲಿ ಕುದುರೆಗಳು ಎಳೆಯುತ್ತಿರುವ ಬರಿದಾದ ಬಂಡಿ, ದಡದ ಮೇಲೊಂದು ನಾಯಿ, ಬಲಕ್ಕೆ ಬಿಸಿಲು ಬಿದ್ದ ಹುಲ್ಲುಗಾವಲು, ದೂರದಲ್ಲಿ ಚುಕ್ಕೆಗಳಂತೆ ಕಾಣುವ ಹುಲ್ಲು ಕೊಯ್ಯುವವರು, ಮೇಲೆ ಮೋಡಗಳ ದೊಡ್ಡ ಆಕಾಶ. ಸಮೀಪದ ಫ್ಲಾಟ್‌ಫರ್ಡಿನ ಗಿರಣಿ ಕಾನ್‌ಸ್ಟೆಬಲ್ಲನ ತಂದೆಯದು; ಬಾಲ್ಯದಿಂದ ಕಂಡ ಜಾಗ. ಆದರೆ ಚಿತ್ರ ರಚನೆಯಾದದ್ದು ನದಿಯ ದಡದಲ್ಲಲ್ಲ, ಲಂಡನ್ನಿನ ಚಿತ್ರಶಾಲೆಯಲ್ಲಿ, ವರ್ಷಗಳಿಂದ ಕೂಡಿಟ್ಟ ಅಭ್ಯಾಸಚಿತ್ರಗಳ ನೆರವಿನಿಂದ. ಸುಮಾರು ೧೩೦ ಸೆಂಟಿಮೀಟರ್ ಎತ್ತರ, ೧೮೫ ಸೆಂಟಿಮೀಟರ್ ಅಗಲದ ಈ ಕ್ಯಾನ್ವಾಸಿಗೆ ಮೊದಲು ಅಷ್ಟೇ ಅಳತೆಯ ಒಂದು ಕರಡುಚಿತ್ರವನ್ನೂ ಅವನು ಬರೆದ. ಅದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ. ಕಲಿಯುವವನಿಗೆ ಇದು ದೊರೆತ ಭಾಗ್ಯವೇ ಸರಿ: ಮುಗಿದ ಚಿತ್ರ ಮುಚ್ಚಿಟ್ಟದ್ದನ್ನು ಕರಡು ಬಿಚ್ಚಿ ತೋರಿಸುತ್ತದೆ.

ಕಾನ್‌ಸ್ಟೆಬಲ್ ಸ್ವತಃ ಪ್ರತಿ ತೆಗೆದೇ ಕಲಿತವನು. ನಿಸರ್ಗವೊಂದನ್ನೇ ಗುರುವೆಂದು ನಂಬಿದ ಕಲಾವಿದನೆಂಬ ಅವನ ಪ್ರಸಿದ್ಧಿಯಲ್ಲಿ ಈ ಸಂಗತಿ ಮರೆಯಾಗಿದೆ. ೧೮೨೩ರಲ್ಲಿ, ಅಂದರೆ ‘ಹೇ ವೇನ್’ ಮುಗಿದು ಎರಡು ವರ್ಷಗಳಾದ ಮೇಲೆ, ತನ್ನ ನಲವತ್ತೇಳನೆಯ ವಯಸ್ಸಿನಲ್ಲಿ ಅವನು ಸರ್ ಜಾರ್ಜ್ ಬೋಮಾಂಟ್ ಎಂಬ ಸಂಗ್ರಾಹಕನ ಮನೆಯಲ್ಲಿ ವಾರಗಟ್ಟಲೆ ಉಳಿದು ಕ್ಲಾಡ್ ಲೊರೇನನ ಭೂದೃಶ್ಯಗಳನ್ನು ಪ್ರತಿಮಾಡಿದ. ಕುರಿಗಾಹಿ ಮತ್ತು ಆಡುಗಳಿರುವ ಆ ಪ್ರತಿ ಈಗ ಸಿಡ್ನಿಯಲ್ಲಿದೆ. ಆರಂಭಿಕನ ಕೆಲಸವೆಂದು ನಾವು ಭಾವಿಸುವುದನ್ನು ಒಬ್ಬ ಪ್ರೌಢ ಕಲಾವಿದ ಕೈಗೊಂಡದ್ದೇಕೆ? ಎಲೆಗೊಂಚಲಿನ ನಡುವೆ ಬೆಳಕು ಹಾಯುವ ಬಗೆಯನ್ನು ಬರಿಯ ನೋಟದಿಂದ ಬಿಡಿಸಿಕೊಳ್ಳಲಾಗದು, ಕೈಯಿಂದ ಬಿಡಿಸಿಕೊಳ್ಳಬೇಕು ಎಂಬುದಷ್ಟೇ ಕಾರಣವೆಂದು ತೋರುತ್ತದೆ.

ಇದೇ ಬೋಮಾಂಟನ ಒಂದು ಪ್ರಸಂಗವನ್ನು ಕಾನ್‌ಸ್ಟೆಬಲ್ಲನ ಜೀವನಚರಿತ್ರೆ ಬರೆದ ಸಿ. ಆರ್. ಲೆಸ್ಲಿ ದಾಖಲಿಸಿದ್ದಾನೆ. ಭೂದೃಶ್ಯದ ಒಟ್ಟು ವರ್ಣ ಹಳೆಯ ಪಿಟೀಲಿನ ಕಂದುಬಣ್ಣದಂತಿರಬೇಕೆಂದು ಬೋಮಾಂಟನ ಸಲಹೆ. ಕಾನ್‌ಸ್ಟೆಬಲ್ ಮಾತನಾಡದೆ ಒಂದು ಹಳೆಯ ಪಿಟೀಲನ್ನು ತಂದು ಮನೆಯ ಮುಂದಿನ ಹಸಿರು ಹುಲ್ಲಿನ ಮೇಲೆ ಇಟ್ಟನಂತೆ. ಈ ಕಥೆಯನ್ನು ನಿಸರ್ಗದ ಗೆಲುವೆಂದು ಹೇಳಿ ಮುಗಿಸುವುದುಂಟು. ಅದರಲ್ಲಿ ಇನ್ನೂ ಒಂದು ಅಂಶ ಅಡಗಿದೆ. ಬೋಮಾಂಟ್ ಮೆಚ್ಚಿದ ಕಂದು ಹಳೆಯ ಕಲಾವಿದರ ಬಣ್ಣವಾಗಿರದೆ ಬಹುಮಟ್ಟಿಗೆ ಕಾಲಾಂತರದಲ್ಲಿ ಹಳದಿಗಟ್ಟಿದ ವಾರ್ನಿಷ್ ಆಗಿತ್ತು. ಕಲಾವಿದ ಮಾಡಿದ್ದಾವುದು, ಕಾಲ ಮಾಡಿದ್ದಾವುದು ಎಂದು ಬೇರ್ಪಡಿಸದೆ ಪ್ರತಿ ತೆಗೆದವನು ವಾರ್ನಿಷನ್ನೂ ಶ್ರದ್ಧೆಯಿಂದ ಪ್ರತಿ ತೆಗೆಯುತ್ತಾನೆ.

ನಮ್ಮ ಕಾಲದ ವಾರ್ನಿಷ್ ಎಂದರೆ ಮುದ್ರಣ. ‘ಹೇ ವೇನ್’ ಪಂಚಾಂಗ, ಬಿಸ್ಕತ್ತಿನ ಡಬ್ಬಿ, ಪಠ್ಯಪುಸ್ತಕಗಳವರೆಗೆ ಲೆಕ್ಕವಿಲ್ಲದಷ್ಟು ಬಾರಿ ಮುದ್ರಿತವಾದ ಚಿತ್ರ. ಒಂದರ ಹಸಿರು ಇನ್ನೊಂದರಲ್ಲಿಲ್ಲ. ಮೂಲದಲ್ಲಿ ಒಂದು ಸೆಂಟಿಮೀಟರ್ ಉದ್ದವಿರುವ ಕುಂಚದ ಗುರುತು ಇಪ್ಪತ್ತು ಸೆಂಟಿಮೀಟರ್ ಅಗಲದ ಮುದ್ರಣದಲ್ಲಿ ಸುಮಾರು ಒಂದು ಮಿಲಿಮೀಟರಿಗೆ ಇಳಿಯುತ್ತದೆ. ಅಂತಹ ಮುದ್ರಣವನ್ನು ಡ್ರಾಯಿಂಗ್ ಹಾಳೆಯ ಅಳತೆಗೆ ಹಿಗ್ಗಿಸಿ ಬರೆಯುವ ವಿದ್ಯಾರ್ಥಿ ಕಾನ್‌ಸ್ಟೆಬಲ್ಲನ ಕುಂಚವನ್ನು ಎಂದೂ ಕಾಣುವುದಿಲ್ಲ. ಅವನು ಕಾಣುವುದು ಮಸುಕಾದ ಗಡಿಗಳನ್ನು. ಹೀಗೆ ಕಲಿತ ಮಸುಕು ಮುಂದೆ ಅವನ ಸ್ವಂತ ಮಲೆನಾಡಿನ ಚಿತ್ರಗಳಲ್ಲಿಯೂ ಬಂದು ಕೂರುತ್ತದೆ. ಈ ದೃಷ್ಟಿಯಿಂದ ಇಡೀ ಚಿತ್ರವನ್ನು ಕಿರಿದಾಗಿಸಿ ಬರೆಯುವ ರೂಢಿಯನ್ನು ಕೈಬಿಡಬೇಕು. ವಸ್ತುಸಂಗ್ರಹಾಲಯಗಳು ಅಂತರಜಾಲದಲ್ಲಿ ಒದಗಿಸಿರುವ, ಹಿಗ್ಗಿಸಿ ನೋಡಬಹುದಾದ ಛಾಯಾಪ್ರತಿಗಳಿಂದ ಒಂದೇ ಒಂದು ಭಾಗವನ್ನು, ಉದಾಹರಣೆಗೆ ಮನೆಯ ಹಿಂದಿನ ಮರದ ಒಂದು ಪಾರ್ಶ್ವವನ್ನು, ಮೂಲದ ಅಳತೆಯಲ್ಲಿಯೇ ಬರೆಯುವುದು ಹೆಚ್ಚು ಫಲಕಾರಿ.

ಆ ಮರವನ್ನೇ ತೆಗೆದುಕೊಳ್ಳೋಣ. ಅಂಗಡಿಯಲ್ಲಿ ದೊರೆಯುವ ಕ್ಯಾನ್ವಾಸಿನ ಮೈ ಬೆಳ್ಳಗಿರುತ್ತದೆ. ಕಾನ್‌ಸ್ಟೆಬಲ್ ಕೆಲಸ ಮಾಡಿದ್ದು ಬೆಚ್ಚನೆಯ ಕೆಂಗಂದು ತಳಬಣ್ಣದ ಮೇಲೆ. ಎಲೆಗಳ ನಡುವಿನ ಸಂದುಗಳಲ್ಲಿ ಆ ತಳ ಹಾಗೆಯೇ ಉಳಿದಿದೆ; ಹಸಿರು ಕಣ್ಣಿಗೆ ಕುಕ್ಕದೆ ಇರುವುದಕ್ಕೂ ನೆರಳು ಸತ್ತಂತೆ ಕಾಣದಿರುವುದಕ್ಕೂ ಅದೇ ಆಧಾರ. ಬಿಳಿಯ ಮೇಲೆ ನೇರವಾಗಿ ಹಸಿರು ಹಚ್ಚಿದ ವಿದ್ಯಾರ್ಥಿ ಈ ಬೆಚ್ಚನೆಯನ್ನು ಹೊರಗಿನಿಂದ ತರಲು ಹೋಗಿ ಎಲೆಗಳಿಗೆಲ್ಲ ಕಂದು ಬೆರೆಸುತ್ತಾನೆ, ಎಲೆಗಳು ಕೆಸರಾಗುತ್ತವೆ. ಬದಲಾಗಿ ಬರ್ನ್ಟ್ ಸಿಯೆನ್ನಾ ಮತ್ತು ಸ್ವಲ್ಪ ಕಾವಿಹಳದಿಯನ್ನು ತೆಳುವಾಗಿ ಬಳಿದರೆ ಅಕ್ರಿಲಿಕ್ಕಿನಲ್ಲಿ ಅದು ಕಾಲುಗಂಟೆಯಲ್ಲಿ ಆರಿ, ಮತ್ತೆ ಮೇಲೇಳದ ತಳವಾಗುತ್ತದೆ. ತೈಲದಲ್ಲಿ ಇದಕ್ಕೆ ದಿನಗಳೇ ಬೇಕು. ಒಂದು ಎಚ್ಚರಿಕೆ ಮಾತ್ರ ಅಗತ್ಯ: ನೀರು ಅತಿಯಾದರೆ ಬಂಧಕ ದುರ್ಬಲವಾಗುವುದರಿಂದ ತೆಳು ಮಾಡಲು ಅಕ್ರಿಲಿಕ್ ಮೀಡಿಯಮ್ಮನ್ನು ಬಳಸುವುದು ಕ್ಷೇಮ.

ಹಸಿರಿನ ಪ್ರಶ್ನೆ ಹೆಚ್ಚು ಜಟಿಲ. ಕಾನ್‌ಸ್ಟೆಬಲ್ ಬಳಸಿದ ಪ್ರಷ್ಯನ್ ನೀಲಿ ಕ್ಷಾರಕ್ಕೆ ಬಾಳುವುದಿಲ್ಲ; ಅಕ್ರಿಲಿಕ್ ಎಮಲ್ಷನ್ನಾದರೋ ಕ್ಷಾರಗುಣದ್ದು. ಆದ್ದರಿಂದ ಅಕ್ರಿಲಿಕ್ ಟ್ಯೂಬಿನ ಮೇಲೆ ಪ್ರಷ್ಯನ್ ನೀಲಿ ಎಂದು ಬರೆದಿದ್ದರೂ ಒಳಗಿರುವುದು ಸಾಮಾನ್ಯವಾಗಿ ಬೇರೆ ವರ್ಣದ್ರವ್ಯಗಳ ಮಿಶ್ರಣ. ಅವನ ಬಿಳಿ ಸೀಸದ ಬಿಳಿ, ನಮ್ಮದು ಟೈಟಾನಿಯಂ ಬಿಳಿ. ಮೊದಲನೆಯದು ಅರೆಪಾರದರ್ಶಕ ಮತ್ತು ಬೆಚ್ಚನೆಯದು, ಎರಡನೆಯದು ಕೆಳಗಿನದನ್ನೆಲ್ಲ ಮುಚ್ಚುವ ತಣ್ಣನೆಯದು. ಇಂದು ಸುಲಭವಾಗಿ ಸಿಗುವ ಥ್ಯಾಲೋ ಹಸಿರು ಬಂದದ್ದೇ ೧೯೩೦ರ ದಶಕದಲ್ಲಿ. ಹೀಗಾಗಿ ವರ್ಣಗಳ ಪಟ್ಟಿಯನ್ನು ಪಡೆದು ಅನುಸರಿಸುವ ದಾರಿ ಮುಚ್ಚಿಹೋಗಿದೆ. ವಿದ್ಯಾರ್ಥಿ ಕೇಳಿಕೊಳ್ಳಬೇಕಾದ ಪ್ರಶ್ನೆ ‘ಇದು ಯಾವ ಹಸಿರು’ ಎಂಬುದಲ್ಲ, ‘ಪಕ್ಕದ ಹಸಿರಿಗಿಂತ ಇದು ಬೆಚ್ಚಗಿದೆಯೇ, ತಿಳಿಯೇ, ಮಂಕೇ’ ಎಂಬುದು. ಒಂದೇ ಹುಲ್ಲುಗಾವಲಿನಲ್ಲಿ ಹತ್ತಾರು ಹಸಿರುಗಳು ಬೆರೆಯದೆ ಪಕ್ಕಪಕ್ಕದಲ್ಲಿ ನಿಂತಿರುವುದು ಆಗ ಕಣ್ಣಿಗೆ ಬೀಳುತ್ತದೆ. ಬೇಗ ಆರುವ ಮಾಧ್ಯಮ ಇಲ್ಲಿ ನೆರವಿಗೆ ಬರುತ್ತದೆ, ಏಕೆಂದರೆ ಆರಿದ ಹಸಿರಿನ ಪಕ್ಕದಲ್ಲಿ ಇಟ್ಟ ಹೊಸ ಹಸಿರು ಅದರೊಡನೆ ಕಲಸಿಹೋಗುವುದಿಲ್ಲ. ಕುದುರೆಗಳ ಸರಂಜಾಮಿನ ಮೇಲಿನ ಆ ಪುಟ್ಟ ಕೆಂಪು ಏಕೆ ಅಲ್ಲಿದೆ ಎಂಬುದು ಸುತ್ತಲಿನ ಹಸಿರುಗಳನ್ನೆಲ್ಲ ಇಟ್ಟು ಮುಗಿಸಿದವನಿಗೆ ವಿವರಣೆಯಿಲ್ಲದೆ ತಿಳಿಯುತ್ತದೆ. ನಮ್ಮ ಷಡಂಗ ಪರಂಪರೆ ‘ವರ್ಣಿಕಾಭಂಗ’ವನ್ನು ‘ಸಾದೃಶ್ಯ’ದಿಂದ ಬೇರೆಯಾದ ಅಂಗವೆಂದು ಎಣಿಸಿರುವುದು ಈ ಸಂದರ್ಭದಲ್ಲಿ ನೆನಪಾಗುತ್ತದೆ.

ಆಕಾಶದ ಭಾಗದಲ್ಲಿ ಮಾತ್ರ ಅಕ್ರಿಲಿಕ್ ಸೋಲುತ್ತದೆ, ಅಥವಾ ಸೋತಂತೆ ಕಾಣುತ್ತದೆ. ಮೋಡದ ಅಂಚುಗಳನ್ನು ಕಾನ್‌ಸ್ಟೆಬಲ್ ಹಸಿಯ ಮೇಲೆ ಹಸಿ ಎಳೆದು ಕರಗಿಸಿದ್ದಾನೆ. ಆರಿಕೆ ನಿಧಾನಿಸುವ ದ್ರವ್ಯ ಬೆರೆಸಿದರೂ, ನೀರು ಸಿಂಪಡಿಸಿದರೂ ದೊಡ್ಡ ಆಕಾಶವನ್ನು ಅಕ್ರಿಲಿಕ್ಕಿನಲ್ಲಿ ಹಾಗೆ ಕರಗಿಸುವುದು ಕಷ್ಟ. ಉಳಿದ ದಾರಿ ಒಣಕುಂಚದಿಂದ ತೆಳುವಾಗಿ ಉಜ್ಜುತ್ತ ಹಲವು ಪದರಗಳಲ್ಲಿ ಅಂಚನ್ನು ಮೆದುಗೊಳಿಸುವುದು. ಅದಕ್ಕೆ ಮೊದಲು ಯಾವ ಅಂಚು ಮೆದು, ಯಾವುದು ಗಡುಸು ಎಂದು ನಿರ್ಧರಿಸಲೇಬೇಕು. ತೈಲದಲ್ಲಿ ಕುಂಚ ಆಡಿಸುತ್ತ ಆಡಿಸುತ್ತ ಆಕಸ್ಮಿಕವಾಗಿ ದಕ್ಕಿಬಿಡಬಹುದಾದದ್ದು ಇಲ್ಲಿ ತೀರ್ಮಾನವಾಗಿ ಬರಬೇಕು. ಆ ತೀರ್ಮಾನಕ್ಕೆ ಕುಳಿತಾಗಲೇ ಮೋಡಗಳಿಗೆ ತಳವಿದೆ, ಬೆಳಕು ಬೀಳುವ ದಿಕ್ಕಿದೆ, ನೀರಿನಲ್ಲಿ ಹೊಳೆಯುವುದು ಅದೇ ಬೆಳಕು ಎಂಬ ಸಂಬಂಧ ಗೋಚರವಾಗುತ್ತದೆ. ಕೊನೆಗೆ ಎಲೆಗಳ ಮೇಲೆ, ನೀರಿನ ಮೇಲೆ ಚಿಮುಕಿಸಿದಂತಿರುವ ಬಿಳಿಯ ಕಣಗಳು. ಸಮಕಾಲೀನರು ಇವನ್ನು ಹಿಮವೆಂದು ಗೇಲಿ ಮಾಡಿದ್ದರು. ನೀರು ಆರಿದಾಗ ಅಕ್ರಿಲಿಕ್ ಕುಗ್ಗುವುದರಿಂದ ಈ ಉಬ್ಬು ಕಣಗಳು ಚಪ್ಪಟೆಯಾಗುತ್ತವೆ. ದಪ್ಪ ಜೆಲ್ ಬೆರೆಸಿದರೆ ನಿಲ್ಲುತ್ತವೆ. ಇವನ್ನು ಮೊದಲೇ ಇಡುವ ಆತುರ ಆರಂಭಿಕರೆಲ್ಲರಲ್ಲೂ ಇರುತ್ತದೆ.

೧೮೨೧ರಲ್ಲಿ ರಾಯಲ್ ಅಕಾಡೆಮಿಯಲ್ಲಿ ಪ್ರದರ್ಶಿತವಾದಾಗ ಈ ಚಿತ್ರವನ್ನು ಯಾರೂ ಕೊಳ್ಳಲಿಲ್ಲ. ೧೮೨೪ರಲ್ಲಿ ಅದು ಪ್ಯಾರಿಸಿನ ಸಲಾನ್ ಪ್ರದರ್ಶನಕ್ಕೆ ಹೋಗಿ ಚಿನ್ನದ ಪದಕ ಪಡೆಯಿತು. ಅದನ್ನು ಕಂಡ ಯೂಜೀನ್ ದೆಲಕ್ರಾ ಅದೇ ಪ್ರದರ್ಶನಕ್ಕಾಗಿ ಸಿದ್ಧಪಡಿಸಿದ್ದ ತನ್ನ ‘ಕಿಯೋಸ್ ಹತ್ಯಾಕಾಂಡ’ ಚಿತ್ರದ ಕೆಲಭಾಗಗಳನ್ನು ಮತ್ತೆ ತಿದ್ದಿದನೆಂದು ಕಲಾಚರಿತ್ರೆ ಹೇಳುತ್ತ ಬಂದಿದೆ. ಎಷ್ಟು ತಿದ್ದಿದ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಕಾನ್‌ಸ್ಟೆಬಲ್ಲನ ಹುಲ್ಲುಗಾವಲುಗಳ ಹಸಿರು ಅನೇಕ ಹಸಿರುಗಳಿಂದ ಆದುದೆಂಬ ಮಾತನ್ನು ಅವನು ಮುಂದೆ ತನ್ನ ದಿನಚರಿಯಲ್ಲಿ ಗುರುತಿಸಿಕೊಂಡದ್ದಂತೂ ನಿಜ. ದೆಲಕ್ರಾ ಬಂಡಿಯನ್ನೂ ನದಿಯನ್ನೂ ತೆಗೆದುಕೊಳ್ಳಲಿಲ್ಲ. ಅವನ ಚಿತ್ರದಲ್ಲಿ ಇಂಗ್ಲೆಂಡಿನ ಒಂದು ಎಲೆಯೂ ಇಲ್ಲ. ಒಂದು ಕೃತಿಯ ಅಧ್ಯಯನ ಫಲಿಸುವುದು ಅದರ ಪ್ರತಿಯಲ್ಲಲ್ಲ, ಅಧ್ಯಯನ ಮಾಡಿದವನ ಸ್ವಂತ ಚಿತ್ರದಲ್ಲಿ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ವ್ಯಾನ್ ಗೋ ೧೮೮೯–೯೦ರಲ್ಲಿ ಸೇಂಟ್ ರೆಮಿಯ ಆಸ್ಪತ್ರೆಯಲ್ಲಿದ್ದಾಗ ಮಿಲೆಯ ಚಿತ್ರಗಳ ಕಪ್ಪುಬಿಳುಪು ಮುದ್ರಣಗಳನ್ನು ಮುಂದಿಟ್ಟುಕೊಂಡು ಇಪ್ಪತ್ತರಷ್ಟು ವರ್ಣಚಿತ್ರಗಳನ್ನು ಬರೆದ. ಅವನಿಗೆ ಇದು ಅನುವಾದವೆನಿಸಿತ್ತು, ಇನ್ನೊಬ್ಬರ ರಚನೆಯನ್ನು ನುಡಿಸುವ ಸಂಗೀತಗಾರನ ಕೆಲಸವೆನಿಸಿತ್ತು. ತ್ಯಾಗರಾಜರ ಕೃತಿಯನ್ನು ಹಾಡುವ ವಿದ್ವಾಂಸರನ್ನು ನಾವಾದರೂ ನಕಲುಗಾರರೆಂದು ಕರೆಯುವುದಿಲ್ಲ. ಸಾಹಿತ್ಯದಲ್ಲಿಯೂ ನಮಗೆ ಹತ್ತಿರದ ಉದಾಹರಣೆಯಿದೆ. ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ ಪ್ರಕಟವಾದದ್ದು ೧೯೨೬ರಲ್ಲಿ. ಇಂಗ್ಲಿಷಿನ ಛಂದಸ್ಸನ್ನು ಕನ್ನಡಕ್ಕೆ ಇದ್ದಂತೆಯೇ ತರಲಾಗದ ಕಷ್ಟದಿಂದಲೇ ಹೊಸ ಲಯವಿನ್ಯಾಸಗಳು ಹುಟ್ಟಿದವು, ಅವು ಮುಂದೆ ನವೋದಯದ ಸ್ವಂತ ಕಾವ್ಯಕ್ಕೆ ದಾರಿಯಾದವು. ತೈಲದಿಂದ ಅಕ್ರಿಲಿಕ್ಕಿಗೆ ಸಾಗುವ ಭೂದೃಶ್ಯದ ಅಭ್ಯಾಸವೂ ಇದೇ ಜಾತಿಯದು. ದಾಟಿಸಲಾಗದ ಭಾಗವೇ ಅದರ ಪಾಠ.

ಹಾಗಾದರೆ ಅಕ್ರಿಲಿಕ್ಕಿಗೆ ಸಮೀಪವಾದ ಮಾಧ್ಯಮದ ಚಿತ್ರವನ್ನು ಆರಿಸಿಕೊಂಡರೆ? ಬೆಂಗಳೂರಿನಲ್ಲಿ ಈ ಪ್ರಶ್ನೆ ಕೇವಲ ತಾತ್ತ್ವಿಕವಲ್ಲ. ಕರ್ನಾಟಕ ಚಿತ್ರಕಲಾ ಪರಿಷತ್ತಿನ ಸಂಗ್ರಹದಲ್ಲಿ ನಿಕೋಲಸ್ ರೋರಿಕ್ (೧೮೭೪–೧೯೪೭) ಅವರ ಹಿಮಾಲಯದ ಚಿತ್ರಗಳಿವೆ. ಅವು ಬಂದದ್ದು ಬೆಂಗಳೂರಿನ ಹೊರವಲಯದ ತಾತಗುಣಿಯಲ್ಲಿ ನೆಲೆಸಿದ್ದ ಅವರ ಮಗ ಸ್ವೆತೊಸ್ಲಾವ್ ಅವರ ಮೂಲಕ. ಹಿರಿಯ ರೋರಿಕ್ ನೆಚ್ಚಿಕೊಂಡದ್ದು ಟೆಂಪೆರಾವನ್ನು. ಬೇಗ ಆರುವ, ಹೊಳಪಿಲ್ಲದ, ಸಮತಟ್ಟಾದ ಬಣ್ಣದ ಹರಹುಗಳು, ಒಂದರ ಹಿಂದೊಂದು ಕತ್ತರಿಸಿಟ್ಟಂತಹ ಬೆಟ್ಟಸಾಲುಗಳು. ಅಕ್ರಿಲಿಕ್ ಇದನ್ನು ಅನಾಯಾಸವಾಗಿ ಹೋಲಬಲ್ಲದು. ಆದ್ದರಿಂದಲೇ ಅಪಾಯವೂ ಇದೆ. ನೀಲಿ, ನೇರಳೆ, ಮತ್ತೊಂದು ನೀಲಿ ಎಂದು ಹಚ್ಚುತ್ತ ಹೋದರೆ ಮಧ್ಯಾಹ್ನದೊಳಗೆ ‘ರೋರಿಕ್ಕಿನಂತಹ’ ಚಿತ್ರವೊಂದು ತಯಾರಾಗುತ್ತದೆ. ಎರಡು ಶಿಖರಗಳ ನಡುವೆ ಎಷ್ಟು ಯೋಜನ ಗಾಳಿಯಿದೆ ಎಂಬುದು ಮಾತ್ರ ಅದರಲ್ಲಿರುವುದಿಲ್ಲ. ಆ ಅಂತರ ಅಡಗಿರುವುದು ಪಕ್ಕಪಕ್ಕದ ಎರಡು ನೀಲಿಗಳ ಅತಿಸೂಕ್ಷ್ಮ ವ್ಯತ್ಯಾಸದಲ್ಲಿ, ಮತ್ತು ಯಾವ ಮುದ್ರಣವೂ ಅದನ್ನು ನಂಬಿಕೆಯಿಂದ ತಲುಪಿಸಲಾರದು. ಆದರೆ ಇಲ್ಲಿ ಮೂಲಕೃತಿ ಕುಮಾರಕೃಪಾ ರಸ್ತೆಯಲ್ಲಿಯೇ ಇದೆ. ಪುಟ್ಟ ಕಾಗದದ ಚೂರುಗಳ ಮೇಲೆ ಬಣ್ಣ ಹಚ್ಚಿ, ಆರಿಸಿಕೊಂಡು ಹೋಗಿ, ಚಿತ್ರದ ಮುಂದೆ ಹಿಡಿದು ನೋಡಿಕೊಂಡು ಬರಬಹುದು. ಅಂತಹ ಎರಡು ಭೇಟಿಗಳು ಒಂದು ಪೂರ್ಣ ಪ್ರತಿಗಿಂತ ಹೆಚ್ಚನ್ನು ಕಲಿಸುತ್ತವೆ. ಕೆ. ವೆಂಕಟಪ್ಪನವರ ಊಟಿಯ ಜಲವರ್ಣಗಳ ಮಾತು ಬೇರೆ. ಅಲ್ಲಿ ಬೆಳಕೆಂದರೆ ಉಳಿಸಿಕೊಂಡ ಕಾಗದ. ಅಕ್ರಿಲಿಕ್ಕಿನ ಬೆಳಕು ಕೊನೆಗೆ ಮೇಲಿಟ್ಟ ಬಿಳಿ. ಅವುಗಳಿಂದ ವಿನ್ಯಾಸವನ್ನು ಕಲಿಯಬಹುದು, ಬೆಳಕನ್ನು ಕಲಿಯಹೋದರೆ ಸೋಲೇ ಗತಿ.

ಇಂಗ್ಲೆಂಡಿನ ನದಿದಂಡೆಯನ್ನು ಚಿತ್ರದುರ್ಗದ ಹುಡುಗ ಏಕೆ ಬರೆಯಬೇಕು ಎಂಬ ಆಕ್ಷೇಪ ಹಳೆಯದು, ಹಗುರವಾದುದೂ ಅಲ್ಲ. ವಸಾಹತು ಕಾಲದ ಕಲಾಶಾಲೆಗಳು ನಮ್ಮ ಕಣ್ಣಿಗೆ ಯಾರದೋ ಆಕಾಶವನ್ನು ಕಟ್ಟಿದವೆಂಬುದು ಸುಳ್ಳಲ್ಲ. ಆ ಆಕಾಶ ಇಂದಿಗೂ ಪ್ರದರ್ಶನಗಳಲ್ಲಿ ಕಾಣಸಿಗುತ್ತದೆ: ಬಯಲುಸೀಮೆಯ ಬಂಡೆಯ ಮೇಲೆ ಸಫೋಕಿನ ಮೋಡ. ಆದರೆ ಇದು ಅತಿಯಾದ ಅಧ್ಯಯನದ ಫಲವಲ್ಲ, ಅರ್ಧದಲ್ಲಿ ನಿಂತ ಅಧ್ಯಯನದ ಫಲ. ಮೋಡವನ್ನು ಎತ್ತಿಕೊಂಡವನು ಮೋಡದ ಬಣ್ಣಕ್ಕೂ ನೆಲದ ಬಣ್ಣಕ್ಕೂ ಇರುವ ಸಂಬಂಧವನ್ನು ಎತ್ತಿಕೊಳ್ಳಲಿಲ್ಲ. ಎತ್ತಿಕೊಂಡಿದ್ದರೆ ಕರಿಬಂಡೆಗೆ, ಕೆಮ್ಮಣ್ಣಿಗೆ, ಒಣಹುಲ್ಲಿಗೆ ಬೇರೆಯದೇ ಆಕಾಶ ಬೇಕೆಂಬುದು ಅವನಿಗೆ ತಾನಾಗಿ ಹೊಳೆಯುತ್ತಿತ್ತು. ಮೌಲ್ಯಮಾಪನದಲ್ಲಿ ಪ್ರತಿಯ ಹೋಲಿಕೆಗೆ ಅಂಕ ಕೊಡುವ ಪದ್ಧತಿ ಇರುವ ತನಕ ಅದು ಹೊಳೆಯುವ ಸಂಭವ ಕಡಿಮೆ. ಅಭ್ಯಾಸಚಿತ್ರದ ಜೊತೆಗೆ, ಅದೇ ವಾರದಲ್ಲಿ ತನ್ನ ಊರಿನ ಕೆರೆಯನ್ನೋ ಹೊಲವನ್ನೋ ನೋಡಿ ಬರೆದ ಇನ್ನೊಂದು ಚಿತ್ರವನ್ನು ಕೇಳಿ, ಎರಡನ್ನೂ ಒಟ್ಟಿಗೆ ಇಟ್ಟು ನೋಡುವುದು ನ್ಯಾಯವಾದ ಕ್ರಮ.

ಹ್ಯಾಂಪ್‌ಸ್ಟೆಡ್ಡಿನಲ್ಲಿ ೧೮೨೧–೨೨ರಲ್ಲಿ ಬರೆದ ಮೋಡಗಳ ಅಭ್ಯಾಸಚಿತ್ರಗಳ ಹಿಂಬದಿಯಲ್ಲಿ ಕಾನ್‌ಸ್ಟೆಬಲ್ ದಿನಾಂಕ, ಹೊತ್ತು, ಗಾಳಿಯ ದಿಕ್ಕುಗಳನ್ನು ಬರೆದಿಡುತ್ತಿದ್ದ. ನಮ್ಮ ವಿದ್ಯಾರ್ಥಿಯ ಕ್ಯಾನ್ವಾಸಿನ ಹಿಂಬದಿಯೂ ಖಾಲಿಯಾಗಿಯೇ ಇರುತ್ತದೆ. ಯಾವ ಚಿತ್ರದ ಯಾವ ಭಾಗ, ಯಾವ ಮುದ್ರಣದಿಂದ, ಯಾವ ಬಣ್ಣಕ್ಕೆ ಬದಲಾಗಿ ಯಾವುದನ್ನು ಬಳಸಿದ್ದು, ಯಾವ ಅಂಚನ್ನು ಬಿಟ್ಟುಕೊಡಬೇಕಾಯಿತು, ಅಂದಿನ ಸೆಕೆಯಲ್ಲಿ ಲೇಪ ಎಷ್ಟು ಹೊತ್ತಿಗೆ ಆರಿತು: ಇಷ್ಟನ್ನು ಪೆನ್ಸಿಲಿನಲ್ಲಿ ಬರೆದಿಟ್ಟರೆ ಅದನ್ನು ಮುಂದೆ ಯಾರೂ ಸ್ವಂತ ಕೃತಿಯೆಂದು ಮಾರಲಾರರು, ಮುಂದಿನ ವರ್ಷದ ವಿದ್ಯಾರ್ಥಿ ಅದರಿಂದಲೇ ಕೆಲಸ ಶುರುಮಾಡಬಹುದು.